ಒಂದೇ ತಾಯಿ, ಎರಡು ಸಾಲು

ಹಿರಿಯರೇ, ನಮ್ಮ ಹೆರಿಗೆ ಆಸ್ಪತ್ರೆಯ ವೈದ್ಯರೇ, ದಾದಿಯರೇ, ದಾಖಲೆ ವಿಭಾಗದ ನನ್ನ ಒಡನಾಡಿಗಳೇ — ಮುಂದೆ ಕುಳಿತಿರುವ ದೊಡ್ಡಕ್ಕನ ಯಜಮಾನರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ನನಗೆ ಭಾಷಣ ಬರುವುದಿಲ್ಲ. ಇಷ್ಟು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡಿದ ದೊಡ್ಡಕ್ಕನಿಗೂ ಅದು ಗೊತ್ತಿತ್ತು. "ನೀನು ಬಾಯಿ ಬಿಟ್ರೆ ಜಗಳ, ಇಲ್ಲಾಂದ್ರೆ ಆಕಳಿಕೆ" ಅನ್ನುತ್ತಿದ್ದರು. ಇವತ್ತು ಎರಡೂ ಬರುತ್ತಿಲ್ಲ. ಸ್ವಲ್ಪ ತಡವರಿಸಿದರೆ ಸಹಿಸಿಕೊಳ್ಳಿ.

ನಮ್ಮ ಕೆಲಸ ಏನೆಂದು ಇಲ್ಲಿ ಕೆಲವರಿಗೆ ತಿಳಿದಿರಲಿಕ್ಕಿಲ್ಲ. ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಉದ್ದಕ್ಕೆ ಒಂದು ಪಟ್ಟಿ. ಇಲ್ಲಿ ಹುಟ್ಟಿದ ಒಂದೊಂದು ಮಗುವಿಗೂ ಒಂದೊಂದು ಸಾಲು — ತಾಯಿಯ ಹೆಸರು, ಹುಟ್ಟಿದ ದಿನ, ಹೊತ್ತು, ತೂಕ. ಸಾಲಿನ ಕೊನೆಯಲ್ಲಿ ಪುಟ್ಟದೊಂದು ಪೆನ್ಸಿಲ್ ಗುರುತು, ಅದನ್ನು ಒತ್ತಿದರೆ ತಿದ್ದಬಹುದು. ಅದಕ್ಕೆ ಅಂಟಿಕೊಂಡೇ ಕಸದ ಬುಟ್ಟಿಯ ಗುರುತು — ಒತ್ತಿದರೆ ಸಾಲು ಹೋಯಿತು. ಅಷ್ಟೇ. ಕೂತಲ್ಲೇ ಕೂತು ಮಾಡುವ ಕೆಲಸ.

ಹಿಂದೊಮ್ಮೆ ಮೇಲಿನವರಿಂದ ಆದೇಶ ಬಂತು. ಒಂದೇ ಮಗು ಎರಡೆರಡು ಸಲ ಸೇರಿಕೊಂಡಿದೆ, ಹೆಚ್ಚುವರಿ ಸಾಲುಗಳನ್ನು ತೆಗೆಯಿರಿ ಎಂದು. ನಾವೆಲ್ಲ ಏನು ಮಾಡಿದೆವು? ಒಂದಷ್ಟು ಸಾಲುಗಳಿಗೆ ಒಟ್ಟಿಗೆ ಗುರುತು ಹಾಕುವುದು, ಅಳಿಸುವುದು, ಚಹಾಕ್ಕೆ ಹೋಗುವುದು. ದೊಡ್ಡಕ್ಕ ಮಾತ್ರ ಒಂದೊಂದೇ ಸಾಲು ತೆರೆದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ತುಟಿ ಅಲ್ಲಾಡಿಸುತ್ತಾ ಓದುವವರು.

"ಏನಕ್ಕಾ, ಅಕ್ಕಿ ಆರಿಸ್ತಿದ್ದೀರಾ?" ಎಂದು ನಾನು ಕಾಲೆಳೆಯುತ್ತಿದ್ದೆ.

"ನೀನು ಕಲ್ಲು ಸಮೇತ ಬೇಯಿಸೋನು, ಸುಮ್ನಿರು" — ತಲೆ ಎತ್ತದೆಯೇ ಉತ್ತರ.

ಇಷ್ಟು ನೋಡಿ ಮಾಡುವವರ ಕೈಯಲ್ಲೇ ಒಂದು ತಪ್ಪಾಯಿತು. ಇದನ್ನು ನಾನು ಇಲ್ಲಿ ಹೇಳಲೇಬೇಕು. ಸತ್ತವರನ್ನು ಬರೀ ಹೊಗಳಿ ಕಳಿಸುವುದು ನನಗೆ ಒಗ್ಗುವುದಿಲ್ಲ, ಅವರಿಗಂತೂ ಮೊದಲೇ ಒಗ್ಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ತಾಯಿ ಪುಟ್ಟ ಮಗಳ ಕೈ ಹಿಡಿದು ಕಿಟಕಿಯ ಬಳಿ ಬಂದರು. ಹೆರಿಗೆಯ ವಿವರದ ಪ್ರತಿ ಬೇಕಿತ್ತು. ನಾನೇ ತೆಗೆದುಕೊಟ್ಟೆ. ಅವರು ನೋಡಿದರು, ತಿರುಗಿಸಿ ನೋಡಿದರು.

"ಸರ್, ಇದ್ರಲ್ಲಿ ಒಂದೇ ಮಗು ಇದೆ. ನನಗೆ ಅವಳಿ. ಗಂಡು ಮಗು ಒಂದಿತ್ತು."

"ಇಲ್ಲಿ ಒಂದೇ ತೋರಿಸ್ತಿದೆಯಮ್ಮಾ."

"ಇನ್ನೊಂದ್ಸಲ ನೋಡಿ ಸರ್. ಬೆಳಗಾಗೋವರೆಗೂ ಇದ್ದ."

ನನ್ನ ಪಕ್ಕದ ಕುರ್ಚಿಯಲ್ಲಿ ದೊಡ್ಡಕ್ಕ ಟೈಪು ಮಾಡುತ್ತಿದ್ದ ಸದ್ದು ನಿಂತಿತು. ತಿರುಗಿ ನೋಡಿದೆ — ಮುಖದಲ್ಲಿ ರಕ್ತವೇ ಇರಲಿಲ್ಲ.

ಏನಾಗಿತ್ತೆಂದರೆ, ಪಟ್ಟಿಯಲ್ಲಿ ಎರಡು ಸಾಲಿತ್ತು. ಅದೇ ತಾಯಿ, ಅದೇ ದಿನ, ಅದೇ ವಿಳಾಸ. ಹುಟ್ಟಿದ ಹೊತ್ತಿನಲ್ಲಿ ಕೆಲವೇ ನಿಮಿಷಗಳ ವ್ಯತ್ಯಾಸ. ಒಂದರಲ್ಲಿ ಮಗುವಿನ ಹೆಸರು, ಹಾಕಿಸಿದ ಲಸಿಕೆ ಎಲ್ಲ ಇತ್ತು. ಇನ್ನೊಂದರಲ್ಲಿ ಹೆಸರು, ತೂಕ, ಗಂಡೋ ಹೆಣ್ಣೋ ಎಂಬುದು ಎಲ್ಲ ಖಾಲಿ, ಮುಂದೆ ಏನೂ ಇಲ್ಲ. ಮೊದಲು ತಪ್ಪು ಹೊತ್ತು ಹಾಕಿ ಆಮೇಲೆ ಸರಿಯಾಗಿ ಸೇರಿಸಿದ್ದಾರೆ ಎಂದುಕೊಂಡು ದೊಡ್ಡಕ್ಕ ಖಾಲಿ ಸಾಲನ್ನು ಅಳಿಸಿದ್ದರು.

ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಬಹುದಿತ್ತು. ನಾವೆಲ್ಲ ದಿನಾ ಹಾಕುತ್ತೇವಲ್ಲ. ಅವರು ಎದ್ದು ಕಿಟಕಿಯ ಹತ್ತಿರ ಹೋದರು. "ಅಮ್ಮಾ, ಇದ್ದ. ನಾನೇ ಅಳಿಸಿಬಿಟ್ಟೆ, ನನ್ನ ಕೈಯಾರೆ" ಎಂದರು.

ಆ ತಾಯಿ ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಿದ್ದರೇ ಚೆನ್ನಾಗಿತ್ತು. ಮೆಲ್ಲಗೆ ಅಂದರು — "ಮನೇಲಿ ಅವನ ಸುದ್ದಿ ಎತ್ತೋ ಹಾಗಿಲ್ಲ ಅಕ್ಕಾ. ಹೋಗಿದ್ದನ್ನ ಮರ್ತುಬಿಡು ಅಂತಾರೆ. ನಿಮ್ಮಲ್ಲಾದ್ರೂ ಇದ್ದಾನೆ ಅಂದ್ಕೊಂಡಿದ್ದೆ."

— ಕ್ಷಮಿಸಿ. ಒಂದು ಗುಟುಕು ನೀರು ಕುಡಿಯುತ್ತೇನೆ.

ದೊಡ್ಡಕ್ಕ ಅವರನ್ನು ಒಳಗೆ ಕರೆದು ತಮ್ಮ ಕುರ್ಚಿಯ ಪಕ್ಕದಲ್ಲೇ ಕೂರಿಸಿದರು. ಹಳೆಯ ಕಡತಗಳ ಕೋಣೆಗೆ ತಾವೇ ಹೋದರು. ಸೆರಗೆಲ್ಲ ಧೂಳು ಮಾಡಿಕೊಂಡು, ಸೀನುತ್ತಾ, ಹೆರಿಗೆಯ ಹಾಳೆ ಹುಡುಕಿ ತಂದರು. ಹೊಸ ಸಾಲು ತೆರೆದರು. ಹೊತ್ತು ತುಂಬಿದರು, ತೂಕ ತುಂಬಿದರು. ಸೇವ್ ಒತ್ತಿದರೆ — ಆಗಲಿಲ್ಲ. ಹೆಸರಿನ ಜಾಗದ ಸುತ್ತ ಕೆಂಪು ಗೆರೆ. ಈಚೆಗೆ ಬದಲಾಯಿಸಿದ ಪುಟದಲ್ಲಿ ಹೆಸರು ಖಾಲಿ ಬಿಡುವ ಹಾಗಿಲ್ಲ.

ನಾನು ಅವಸರದವನು. "ಅಕ್ಕಾ, ಒಂದು ಅಡ್ಡಗೆರೆ ಹಾಕಿ ಸೇವ್ ಮಾಡಿ, ಆಗುತ್ತೆ" ಎಂದೆ.

ತಿರುಗಿ ನೋಡಿದರು ನೋಡಿ! "ಮಗೂಗೆ ಅಡ್ಡಗೆರೆ ಅಂತ ಹೆಸರಿಡ್ತೀಯೇನೋ?"

ಆಮೇಲೆ ಆ ತಾಯಿಯ ಕಡೆ ತಿರುಗಿ, "ಏನು ಬರೀಲಿ ಅಮ್ಮಾ?" ಎಂದು ಕೇಳಿದರು. ಆ ತಾಯಿ ಮಗಳ ಕಡೆ ನೋಡಿದರು. ಹುಡುಗಿ ಮೇಜಿನ ಮೇಲಿನ ಸ್ಟೇಪ್ಲರ್ ಒತ್ತುತ್ತಾ ಆಡುತ್ತಿತ್ತು. ಕೊನೆಗೆ ತಾಯಿ ಬಗ್ಗಿ ದೊಡ್ಡಕ್ಕನ ಕಿವಿಯಲ್ಲಿ ಒಂದು ಹೆಸರು ಹೇಳಿದರು. ದೊಡ್ಡಕ್ಕ ಬರೆದರು, ಅಕ್ಷರ ಸರಿಯಾ ಎಂದು ತೋರಿಸಿದರು, ಸೇವ್ ಒತ್ತಿದರು. ಪಟ್ಟಿಯಲ್ಲಿ ಹುಡುಗಿಯ ಸಾಲಿನ ಕೆಳಗೆ ಅವಳ ತಮ್ಮನ ಸಾಲು ಬಂದು ನಿಂತಿತು. ದೊಡ್ಡಕ್ಕ, ಆ ತಾಯಿ ಇಬ್ಬರೂ ಅತ್ತರು. ನಾನು ಚಹಾ ತರುವ ನೆಪದಲ್ಲಿ ಹೊರಗೆ ಹೋದೆ.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ದೊಡ್ಡಕ್ಕನಿಗೆ ಮುಗಿದಿರಲಿಲ್ಲ. ಒಂದು ಹೆರಿಗೆಯಲ್ಲಿ ಹುಟ್ಟಿದ ಮಕ್ಕಳು ಎಷ್ಟು ಎಂಬ ಅಂಕಣ ಪಟ್ಟಿಯಲ್ಲಿ ಬೇಕೆಂದು ಮೇಲಿನವರ ಹಿಂದೆ ಬಿದ್ದು, ಬೈಸಿಕೊಂಡು, ಬೈದು, ಅಂತೂ ಹಾಕಿಸಿದರು. ಪ್ರತಿ ವರ್ಷ ಆ ಮಕ್ಕಳು ಹುಟ್ಟಿದ ದಿನ ಆ ತಾಯಿಗೆ ಫೋನು. ಹುಡುಗಿಯ ಹೆಸರು ಹೇಳಿ ಕೇಳುವರು, ಆಮೇಲೆ ಹುಡುಗನ ಹೆಸರನ್ನೂ ಹೇಳಿ, "ಇವತ್ತು ಅವನೂ ಇಷ್ಟೆತ್ತರ ಆಗಿರ್ತಿದ್ದ, ಅಲ್ವೇನಮ್ಮಾ?" ಎನ್ನುವರು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೇನೆ.

ನನಗೆ ದೊಡ್ಡಕ್ಕನ ಮೇಲೆ ಸಿಟ್ಟೂ ಇದೆ. ಕೆಮ್ಮು ಅಷ್ಟೇ, ಎರಡು ದಿನ ರಜೆ ಅಂದು ಹೋದವರು ಹೀಗೆ ಮಾಡುವುದೇ? ಯಜಮಾನರೇ, ಮಗಳೇ, ನಿಮ್ಮ ಸಂಕಟದ ಮುಂದೆ ನಮ್ಮದು ಏನೂ ಅಲ್ಲ. ಆದರೂ ಚಹಾಕ್ಕೆ ಏಳುವಾಗ ಪಕ್ಕದ ಕುರ್ಚಿಯ ಕಡೆ ತಿರುಗಿ "ಬನ್ನಿ ಅಕ್ಕಾ" ಅಂದುಬಿಡುತ್ತೇನೆ.

ಆ ತಾಯಿ ಇವತ್ತು ಬಂದಿದ್ದಾರೆ. ಅವರನ್ನು ಕೇಳಿಯೇ ಇಷ್ಟನ್ನು ಹೇಳಿದೆ. ಒಳಗೆ ಬನ್ನಿ ಎಂದರೆ ಬಾಗಿಲ ಹತ್ತಿರವೇ ನಿಂತರು. ನನ್ನನ್ನು ತಡೆದು ಒಂದು ಮಾತು ಕೇಳಿದರು — "ಅವನ ಹೆಸರು ಹಿಡಿದು ಮಾತಾಡ್ತಿದ್ದೋರು ಅಕ್ಕ ಒಬ್ರೇ. ಇನ್ನು ನಾನು ಯಾರ ಹತ್ರ ಹೇಳ್ಲಿ ಸರ್?"



ಅಮ್ಮಾ, ಅಲ್ಲಿ ನಿಲ್ಲಬೇಡಿ. ಮುಂದೆ ಬನ್ನಿ. ದೊಡ್ಡಕ್ಕನ ಮಗಳು ಜಾಗ ಬಿಡುತ್ತಿದ್ದಾಳೆ ನೋಡಿ — ಅವಳ ಪಕ್ಕದಲ್ಲಿ ಬಂದು ನಿಲ್ಲಿ.

ಎಲ್ಲರೂ ದಯವಿಟ್ಟು ಏಳಿ. ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ, ನಮ್ಮ ದೊಡ್ಡಕ್ಕನಿಗಾಗಿ. ಆ ಹುಡುಗನಿಗಾಗಿಯೂ. ಅವನಿಗೆಂದು ಇದುವರೆಗೆ ಯಾರೂ ಎದ್ದು ನಿಂತಿಲ್ಲ.