ಭಾನುವಾರದ ತನಕ ಉಪವಾಸ

ಬೇಡಿ ಅಯ್ನೋರೆ, ಆ ರೂಮಿನ ಕಡೆ ಹೋಗಬೇಡಿ. ಇಲ್ಲೇ ಚಾಪೆ ಮೇಲೆ ಕೂತ್ಕೊಳ್ಳಿ. ಜಗದಾಂಬಾ ಮಲಗಿದಾಳೆ ಅಂದೆನಲ್ಲ... ಮಲಗೋದು ಬಿಟ್ಟು ಅವಳಿಗೆ ಇನ್ನೇನು ಗೊತ್ತು? ಮಧ್ಯಾಹ್ನ ಮೂರು ಗಂಟೆ! ಹತ್ತೊಂಬತ್ತು ವರ್ಷದ ಹುಡುಗಿ, ಮಂಚ ಬಿಟ್ಟು ಏಳಲ್ಲ ಅಂದ್ರೆ! ತಗೊಳ್ಳಿ, ಹಾಲು. ಆರಿಹೋಗುತ್ತೆ.

ನಮ್ಮೆಜಮಾನರಿಗೆ ಬೇರೆ ಕೆಲಸ ಇಲ್ಲ. ನಿಮ್ಮನ್ನ ಮಾರೇನಹಳ್ಳಿಯಿಂದ ಈ ಬಿಸಿಲಲ್ಲಿ ರಾಜಾಜಿನಗರದ ತನಕ ನಡೆಸಿದಾರೆ. "ಮಗಳು ಲಿಂಗ ಕಳ್ಕೊಂಡಿದಾಳೆ ಅಯ್ನೋರೆ, ಅನ್ನ ನೀರು ಬಿಟ್ಟಿದಾಳೆ, ಬಂದು ಹೊಸದು ಕಟ್ಟಿ" ಅಂತ ಗೋಳಾಡಿದ್ರಂತೆ! ಆಫೀಸಲ್ಲಿ ಗುರುಬಸಪ್ಪನವರು ಅಂದ್ರೆ ಗುಮಾಸ್ತರು ಎದ್ದು ನಿಲ್ತಾರೆ. ಮನೇಲಿ ಮಗಳು ಮೂಗು ಒರೆಸಿದ್ರೆ ಸಾಕು, ಇವರ ಕಣ್ಣಲ್ಲಿ ನೀರು.

ಎಲ್ಲಿ ಕಳ್ಕೊಂಡಳು ಅಂತ ಕೇಳ್ತೀರಾ? ನನಗೇನು ಗೊತ್ತು... ಬಚ್ಚಲಲ್ಲೋ, ಹಿತ್ತಲಲ್ಲೋ. ಗುರುವಾರ ಬೆಳಿಗ್ಗೆ ಎದ್ದು ಕೊರಳು ಮುಟ್ಟಿ ನೋಡ್ಕೊಂಡಳು, ಕಿರುಚಿದಳು. ಅಷ್ಟೇ. ಮೈಮೇಲೆ ಪ್ರಜ್ಞೆ ಇದ್ದವರಿಗೆ ತಾನೆ ಕೊರಳಲ್ಲಿ ಏನಿದೆ, ಏನಿಲ್ಲ ಅಂತ ಗೊತ್ತಾಗೋದು! ಇವಳಿಗೆ ತಲೆ ಬಾಚ್ಕೊಂಡಿದೀನೋ ಇಲ್ವೋ ಅಂತಾನೂ ಗೊತ್ತಿರಲ್ಲ. ಕಿಟಕಿ ಹತ್ರ ಕೂತ್ರೆ ಕೂತಳು. ರಸ್ತೇಲಿ ನೋಡೋದೇನಿದೆ? ಏನೂ ಇಲ್ಲ. ಆದರೂ ಕಣ್ಣಲ್ಲಿ ನೀರು. ಯಾಕೇ ಅಂದ್ರೆ, "ಗೊತ್ತಿಲ್ಲಮ್ಮ." ಗೊತ್ತಿಲ್ಲವಂತೆ! ಯಾಕೆ ಅಳ್ತಿದೀನಿ ಅಂತ ಗೊತ್ತಿಲ್ಲದೆ ಅಳೋ ಹೆಣ್ಣನ್ನ ನೀವೆಲ್ಲಾದ್ರೂ ಕಂಡಿದೀರಾ?

ಏನಂದ್ರಿ? ಹಾಡ್ತಾ ಇದ್ಲು, ಹೌದು. ನೀವು ದೀಕ್ಷೆ ಕೊಟ್ಟಾಗ ಎಂಟು ವರ್ಷ. ವಚನ ಹೇಳ್ತಾ ಮನೆಯೆಲ್ಲಾ ಓಡಾಡ್ತಿದ್ಲು. ಆಮೇಲೆ ಉಬ್ಬಿದಳು ನೋಡಿ! ಏಳನೇ ಕ್ಲಾಸಿಗೆ ಬರೋ ಹೊತ್ತಿಗೆ ಸ್ಕೂಲಲ್ಲಿ "ಡ್ರಮ್ಮು, ಡ್ರಮ್ಮು" ಅಂತ ಕರೆಯೋರು. ಹೈಸ್ಕೂಲಲ್ಲಿ ಆಟಕ್ಕಿಲ್ಲ, ಪಾಠಕ್ಕಿಲ್ಲ. ಪಿಯುಸಿ ಅರ್ಧಕ್ಕೇ ಬಿಟ್ಟಳು. ಅಳೋದು, ತಿನ್ನೋದು. ತಿಂದೆನಲ್ಲಾ ಅಂತ ಮತ್ತೆ ಅಳೋದು.

ಡಾಕ್ಟ್ರಾ? ತೋರಿಸಿದ್ವಲ್ಲ! ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ ಆ ಮಹಾಶಯನಿಗೆ. "ದಪ್ಪ ಆಗಿದ್ದು ಮೊದಲೋ, ಮಂಕಾಗಿದ್ದು ಮೊದಲೋ?" ಅಂತ ನನ್ನನ್ನ ಕೇಳ್ತಾನೆ. ನಾನೇನು ತಾರೀಖು ಬರೆದಿಟ್ಟಿದೀನಾ? "ಒಂದು ಇನ್ನೊಂದನ್ನ ಬೆಳೆಸುತ್ತೆ ತಾಯೀ, ಮನಸ್ಸಿಗೆ ಕಾಯಿಲೆ, ಬಯ್ಯಬೇಡಿ." ಮನಸ್ಸಿಗೆ ಕಾಯಿಲೆ! ಮೂರು ಹೊತ್ತು ಬೆಚ್ಚಗೆ ತಿನ್ನೋರಿಗೆ ಮಾತ್ರ ಬರುತ್ತೆ ಅಯ್ನೋರೆ ಆ ಕಾಯಿಲೆ. ಆರು ಮಕ್ಕಳ ಮನೇಲಿ ಹುಟ್ಟಿದ ಈ ಶಿವಗಂಗಮ್ಮನಿಗೆ ಯಾಕೆ ಬರಲಿಲ್ಲ?

ಯಾಕೆ ಹಾಗೆ ನೋಡ್ತೀರಾ? ಬಯ್ದಿದೀನಿ, ಇಲ್ಲ ಅನ್ನಲ್ಲ. ಹೆತ್ತವಳು ಬಯ್ಯದೆ ಪಕ್ಕದ ಮನೆ ಯಶೋದಮ್ಮ ಬಯ್ತಾಳಾ? ಅವಳು ಕದ್ದು ಕೋಡುಬಳೆ ಕೊಡ್ತಾಳೆ, ಒಳ್ಳೆಯವಳು ಅನ್ನಿಸ್ಕೊಳ್ಳೋಕೆ!

ಒಂದ್ಸಲ... ನಮ್ಮಣ್ಣನ ಮಗನ ಮದುವೇಲಿ, ದಾವಣಗೆರೇಲಿ. ಹನ್ನೆರಡು ವರ್ಷ ಅವಳಿಗೆ. ಪಂಕ್ತೀಲಿ ಕೂತಿದ್ಲು. ಹೋಳಿಗೆ ಬಡಿಸ್ತಾ ಬಂದ್ರು. ಎಲೆಗೆ ಬಿದ್ದ ಹೋಳಿಗೇನ ನಾನು ತೆಗೆದು ಪಕ್ಕದವರ ಎಲೆಗೆ ಹಾಕಿದೆ. "ಇವಳಿಗೆ ಯಾಕೆ, ನೋಡಿದ್ರೇನೇ ಊದ್ಕೋತಾಳೆ" ಅಂದೆ. ತಮಾಷೆಗೆ! ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳೂ ನಕ್ಕಳು ಅಂತಲೇ ಅಂದ್ಕೊಂಡೆ... ಅವತ್ತಿಂದ ಯಾರ ಜೊತೇಲೂ ಕೂತು ಉಂಡಿಲ್ಲ ನೋಡಿ ಹಟಮಾರಿ. ಉಗ್ರಾಣದ ಕತ್ತಲಲ್ಲಿ ನಿಂತು ಅವಲಕ್ಕಿ ಬೆಲ್ಲ ಮುಕ್ಕೋದು. ಡಬ್ಬಕ್ಕೆ ಬೀಗ ಹಾಕಿದೆ. ನಿಲ್ಲಿಸಿದಳಾ? ಇಲ್ಲ.

ಹಾಲು ಕುಡೀರಿ ಅಯ್ನೋರೆ... ಕೆನೆ ಕಟ್ಟಿತು.

ಬೇಡ, ಚೀಲ ಬಿಚ್ಚಬೇಡಿ! ಇವತ್ತೇ ಕಟ್ಟಬೇಕಾ? ಸೋಮವಾರ ಶಿವನ ವಾರ, ಅವತ್ತು ಕಟ್ಟಿ. ಸೋಮವಾರದ ತನಕ ಏನಾಗುತ್ತೆ? ನಾಳೆ ಭಾನುವಾರ ಗಂಡಿನ ಕಡೆಯವರು ಬರ್ತಾ ಇದಾರೆ. ಹುಡುಗ ಬ್ಯಾಂಕು. ಇದು ಮೂರನೇದು ಅಯ್ನೋರೆ! ಮೊದಲ ಸಲ ಬಂದೋರು ಉಪ್ಪಿಟ್ಟು ಕೇಸರಿಬಾತು ಚೆನ್ನಾಗಿ ಬಾರಿಸಿ, "ಕಾಗದ ಬರೀತೀವಿ" ಅಂದ್ರು. ಎರಡನೇ ಸಲದ ಹುಡುಗನ ತಾಯಿ ನನ್ನ ಮಗಳ ತೋಳು ಹಿಡಿದು ನೋಡಿದಳು, ಸಂತೇಲಿ ಎಮ್ಮೆ ನೋಡೋ ಹಾಗೆ. ನನಗೆ ನೆಲ ಬಿರಿಯಬಾರದಾ ಅನ್ನಿಸ್ತು. ಅದಕ್ಕೇ ಈ ಸಲ... ಈ ಸಲ ಸ್ವಲ್ಪ ಮುಖ ಆದರೂ ಇಳೀಲಿ ಅಂತ...

ಅಲ್ಲ, ನಾನೇನು ಹೇಳಿದೆ? ಏನೂ ಹೇಳಲಿಲ್ಲವಲ್ಲ! ಅವಳಾಗೇ ಉಪವಾಸ ಇದಾಳೆ ಅಂದೆ. ಎಮರ್ಜೆನ್ಸಿ ಬಂದು ದೇಶವೇ ಶಿಸ್ತಿಗೆ ಬಂತಂತೆ, ಬಸ್ಸು ಸಹ ಟೈಮಿಗೆ ಬರುತ್ತೆ ಅಂತಾರೆ ಇವರು. ನಮ್ಮನೆ ಹೆಣ್ಣೊಂದು ಮೂರು ದಿನ ಬಾಯಿ ಕಟ್ಟಿದ್ರೆ ಏನು ಮುಳುಗಿಹೋಯ್ತು? ಎಲ್ಲ ಬಿಟ್ಟಳು ಅವಳು, ಓದು ಬಿಟ್ಟಳು, ಹಾಡು ಬಿಟ್ಟಳು, ನಗೋದು ಬಿಟ್ಟಳು. ಲಿಂಗಪೂಜೆ ಒಂದು ಬಿಡಲಿಲ್ಲ. ಪೂಜೆ ಆಗದೆ ಒಂದು ತುತ್ತು ಮುಟ್ಟಲ್ಲ, ನೀರು ಸಹ ಇಲ್ಲ. ನೀವು ಕಲಿಸಿದ್ದು ಅದೊಂದೇ ಅವಳಲ್ಲಿ ಉಳಿದಿದ್ದು... ಬೀಗ ಹಾಕಿದ್ರೂ ನಿಲ್ಲದ ಬಾಯಿ ಅದಕ್ಕೆ ನಿಲ್ಲುತ್ತೆ ಅಂತ ನನಗೆ ಗೊತ್ತಿತ್ತು.

ಲೋಟ ಯಾಕೆ ಕೆಳಗಿಟ್ರಿ ಅಯ್ನೋರೆ?

ಏನು ನೋಡ್ತಾ ಇದೀರಾ? ಸೆರಗಾ... ಜಾರಿತು, ಸೆಕೆ ನೋಡಿ. ಕೊರಳಲ್ಲಿ ಏನಿದೆ ನೋಡೋಕೆ? ಶಿವದಾರ. ನಂದು.

ಎರಡಾ...

ಎಲ್ಲಿಡಬೇಕಿತ್ತು ಹೇಳಿ? ನೆಲದ ಮೇಲೆ ಇಡಕ್ಕಾಗುತ್ತಾ? ಗೂಡಲ್ಲಿಟ್ರೆ ಇಲಿ, ಪೆಟ್ಟಿಗೇಲಿಟ್ರೆ ಮೈಲಿಗೆ ಬಟ್ಟೆ. ಭಾನುವಾರ ಅವರು ನೋಡ್ಕೊಂಡು ಹೋದ ತಕ್ಷಣ, ಹಿತ್ತಲಲ್ಲಿ ಸಿಕ್ತು ಅಂತ ಕೊಡೋಳಿದ್ದೆ, ಆಣೆಗೂ! ಅಲ್ಲಿವರೆಗೆ ನನ್ನ ಕೊರಳೇ ಶುದ್ಧ ಅಂತ... ಅದಕ್ಕೇನೂ ಕಮ್ಮಿ ಮಾಡಿಲ್ಲ ಅಯ್ನೋರೆ. ದಿನಾ ಎರಡಕ್ಕೂ ನಾನೇ ಪೂಜೆ ಮಾಡಿದೀನಿ. ವಿಭೂತಿ, ಪತ್ರೆ, ಎಲ್ಲ. ಪೂಜೆ ಮುಗಿಸಿಯೇ ಊಟ...

ಹೂಂ. ನಾನು ಉಂಡೆ. ಮೂರು ದಿನವೂ ಉಂಡೆ.

ಲೋಟ ಎತ್ಕೊಂಡು ಎಲ್ಲಿಗೆ ಹೊರಟ್ರಿ? ಅದು ನಿಮಗೆ ತಂದ ಹಾಲು... ಕುಡಿಯಲ್ಲ ಅಯ್ನೋರೆ, ಅವಳು ಕುಡಿಯಲ್ಲ! ಇದು ಕೊರಳಿಗೆ ಬರದೆ ಕುಡಿಯಲ್ಲ. ನಿನ್ನೆ ರಾತ್ರಿ ಹೆದರಿ ನಾನೇ ಬಾಯಿಗೆ ನೀರು ಬಿಟ್ಟೆ, ಹಲ್ಲು ಕಚ್ಚಿದಳು, ದಿಂಬೆಲ್ಲಾ ಒದ್ದೆ. ಬೆಳಿಗ್ಗೆಯಿಂದ ಕರೆದ್ರೆ ಓ ಅನ್ನಲಿಲ್ಲ. ಹಟ ಅಂದ್ಕೊಂಡೆ... ಹಟಾನೇ ತಾನೆ?

ತಾಳಿ, ಬಿಚ್ಚಿಕೊಡ್ತೀನಿ. ಜಗದಾಂಬಾ, ತಾಳೇ, ಬಂದೆ... ಗಂಟು ಬಿಗಿ ಆಗಿದೆ. ನೀವೇ ಬಿಚ್ಚಿ ಅಯ್ನೋರೆ, ಬೇಗ ಬಿಚ್ಚಿ.