ಹೊತ್ತು ಮುಳುಗುವ ಮೊದಲು ಪಾಯಸ

ಅಯ್ಯೋ, ಎಣ್ಣೆ ಗಿಣ್ಣೆ ಎಂತದ್ದೂ ಬೇಡ ಮಾರಾಯ್ತಿ! ಕಾಲು ಬಿಡು ಇಂದುಮತಿ, ನೀನು ಮೊದಲು ಪಾಯಸ ತಿನ್ನು. ನಾವಿರುವ ಈ ಕಾಕ್ಕನಾಡಿನ ಫ್ಲಾಟುಗಳ ಹಿಂದೆ ಹೊತ್ತು ಮುಳುಗ್ಲಿಕ್ಕೆ ಆಯ್ತು, ಆಮೇಲೆ ನಾವು ಜೈನರು ಬಾಯಿಗೆ ಹಾಕ್ಲಿಕ್ಕೆ ಉಂಟಾ? ಗಂಡ ಬೆಳಗೊಳದ ಬೆಟ್ಟ ನಡೆದು ಹತ್ತಿ ಬರುವವರೆಗೆ ಸಿಹಿ ಮುಟ್ಟುವುದಿಲ್ಲ ಅಂತ ದೀಪಾವಳಿಯಿಂದ ಕೂತಿದ್ದೀ. ಹತ್ತಿ ಬಂದೆನಲ್ಲ! ಮಹಾಮಸ್ತಕಾಭಿಷೇಕ ನೋಡಿ ಬಂದೆನಲ್ಲ! ಇನ್ನೆಂತ?

ಯಾಕೆ ನಗ್ತೀ? ಈ ಹೊಟ್ಟೆ ಹೊತ್ಕೊಂಡು ಹತ್ತಿದ್ನಾ ಅಂತಲಾ? ನಗು, ನಗು... ಆದ್ರೆ ಒಂದು ಒಪ್ಕೊಳ್ಳಬೇಕು ನೀನು. ಡಾಕ್ಟರು ಸಕ್ಕರೆ ಕಾಯಿಲೆ ಅಂತ ಹೆದರಿಸಿದ್ರು, ನಾನು ಏಳಲಿಲ್ಲ. ಆಫೀಸಿನ ವಿಲ್ಸನ್ ಜಿಮ್ಮಿಗೆ ಬಾ ಬಾ ಅಂತ ಪ್ರಾಣ ತಿಂದ, ಹೋಗಲಿಲ್ಲ. ಸ್ವಂತ ಮೈಗೆ ಅಂತ ಬೆವರು ಸುರಿಸುವುದು ಅಂದ್ರೆ ನನಗೆ ಎಂತದ್ದೋ ಸ್ವಾರ್ಥ ಅನ್ನಿಸ್ತದೆ. ನೀನು ಸ್ವಾಮಿಯ ಹೆಸರು ಎತ್ತಿದೆ ನೋಡು... ಮರುದಿನವೇ ಲಿಫ್ಟ್ ಬಿಟ್ಟೆ! ವಾಚ್‌ಮ್ಯಾನ್ ಚೇಟ್ಟನೇ ಬಾಯಿ ಬಿಟ್ಟು ನೋಡ್ತಿದ್ದ. ಅದು ಸುಳ್ಳಲ್ಲ ಇಂದುಮತಿ. ಅಷ್ಟು ಸುಳ್ಳಲ್ಲ.

ಅಂಗಾಲು ಯಾಕೆ ತಿರುಗಿಸಿ ನೋಡ್ತೀ? ಬೊಕ್ಕೆ ಇಲ್ಲ, ಹೌದು. ಬಂಡೆ ಅಷ್ಟೇನೂ ಕಾದಿರಲಿಲ್ಲ... ಮೆಲ್ಲ ಮೆಲ್ಲ ಹತ್ತಿದೆ, ಇರುವೆ ಉಂಟಾ ಅಂತ ನೋಡಿ ನೋಡಿ ಹೆಜ್ಜೆ ಇಟ್ಟೆ. ಮೇಲೆ ಹೋಗ್ತಾ ಹೋಗ್ತಾ ಗಾಳಿ, ಕೆಳಗೆ ಕಲ್ಯಾಣಿ, ಕಿವಿ ಹತ್ತಿರ ಆ ಮುದುಕನ ಏದುಸಿರು...

ಯಾವ ಮುದುಕನಾ? ಯಾರೋ... ಪಕ್ಕದಲ್ಲಿ ಹತ್ತುತ್ತಿದ್ದವ. ಹಾಗೆ ನೋಡ್ಬೇಡ. ಪಾಯಸ ತಣ್ಣಗಾಗ್ತದೆ. ಪಕ್ಕದ ಮನೆಯ ಗ್ರೇಸಿ ಚೇಚಿ ಹೇಳಿಕೊಟ್ಟದ್ದಲ್ವಾ? ಘಮ ಚೆನ್ನಾಗುಂಟು...

ಇನ್ನೂ ಯಾಕೆ ಅಂಗಾಲು ನೋಡ್ತೀ ಮಾರಾಯ್ತಿ! ಬೈಯುವುದಾದ್ರೆ ಬೈದುಬಿಡು!

ಅರ್ಧದವರೆಗೆ ನಡೆದೆ. ಸ್ವಾಮಿಯಾಣೆ... ಛೆ, ಆಣೆ ಬೇಡ. ಅರ್ಧವೂ ಅಲ್ಲ. ಉಸಿರು ಸಿಕ್ಕಲಿಲ್ಲ, ಪಕ್ಕದಲ್ಲಿ ಅಜ್ಜಿಯರು ಜಪ ಹೇಳ್ತಾ ಹತ್ತಿ ಹೋಗ್ತಿದ್ರು. ನಾಚಿಕೆ ಆಯ್ತು. ಕುರ್ಚಿಯಲ್ಲಿ ಕೂರಿಸಿ ಹೊತ್ತು ಹತ್ತಿಸುವ ಡೋಲಿಯವರು ಬಂದು ಕೇಳಿದ್ರು... ನಾನು... ಕೂತುಬಿಟ್ಟೆ. ಇರುವೆ ತುಳಿಯದವ ನಾನು, ನಾಲ್ಕು ಜನರ ಹೆಗಲು ತುಳಿದೆ ಇಂದುಮತಿ! ಅದರಲ್ಲಿ ಒಬ್ಬ ನನ್ನ ಅಪ್ಪನ ಪ್ರಾಯದವ. ಇಳೀತೇನೆ ಅಂತ ಹೇಳ್ಬಹುದಿತ್ತು. ಕೂತೇ ಹೋದೆ. ಮೇಲೆ ಹಾಲು ಸುರಿಯುವಾಗ ಊರಿಗೆ ಊರೇ ತಲೆ ಎತ್ತಿ ನೋಡ್ತಿತ್ತು, ನಾನೊಬ್ಬ ನೆಲ ನೋಡ್ತಾ ನಿಂತಿದ್ದೆ.

ನಿನಗೆ... ಆಶ್ಚರ್ಯವೇ ಆಗಲಿಲ್ಲ. ಮೊದಲೇ ಗೊತ್ತಾಗಿತ್ತಲ್ವಾ? ಬೆಳಿಗ್ಗೆ ಸ್ಟೇಷನ್‌ನಲ್ಲಿ ಇಳಿದಾಗಲೇ?

ಮತ್ತೆ ಈಗ ಚಮಚ ಯಾಕೆ ಎತ್ತಿದ್ದೀ? ಹತ್ತಿ ಬಂದ ಅಂತ ಊರವರಿಗೆ ಹೇಳ್ಲಿಕ್ಕಾ? ನನ್ನ ಮಾನ ಉಳಿಸ್ಲಿಕ್ಕೆ ನಿನ್ನ ವ್ರತ ಮುರೀತೀಯಾ? ಬೇಡ ಇಂದುಮತಿ... ಬೇಡ! ನಿನ್ನ ಕೈ ಹಿಡ್ಕೊಳ್ತೇನೆ. ಅಲ್ಲಿ ನಾಲ್ಕು ಜನ ಹೊತ್ತದ್ದು ಸಾಕು, ಇಲ್ಲಿ ನೀನೂ ಹೊರಬೇಡ. ಬಟ್ಟಲು ಕೆಳಗಿಡು.