ಎಡಗಡೆ ಸೀಟಿನ ಬೆಲ್ಟು

ಇದು ನಮ್ಮ ಚಿಕ್ಕಪ್ಪನ ಮಗ ಚಲುವರಾಜುಗೆ ಆಗಿದ್ದು. ಹೋದ ಕಾರ್ತೀಕದಲ್ಲಿ. ಊರೆಲ್ಲ ಮಲಗಿತ್ತು. ಪಂಪ್‌ಸೆಟ್ಟಿಗೆ ಕರೆಂಟು ಬರ್ಲಿ ಅಂತ ನಾನು ಜಗಲಿ ಮೇಲೆ ಕುಂತಿದ್ದೆ. ಆಲದ ಮರದ ಬಾವಿ ಕಡೆಯಿಂದ ಯಾರೋ ನಡ್ಕೊಂಡು ಬಂದ್ರು... ನೋಡಿದ್ರೆ ಇವ್ನೇ.

"ಕಾರೆಲ್ಲಿ ಕಣ್ಲಾ?" ಅಂದೆ.

"ಮೆಲ್ಲಗೆ ಮಾತಾಡಣ್ಣ..."

ಆ ಕಾರು ಜರ್ಮನಿಯಿಂದ ಹಡಗಲ್ಲಿ ಬಂದಿದ್ದು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗೋ ಅಷ್ಟು ತಗ್ಗು. ಮುಂಬೈಲಿ ಹೋಟ್ಲು ಮಡಗಿದ್ದ ಪಾಂಡವಪುರದ ತಿಮ್ಮರಾಜು ಅನ್ನೋರದು. ಅವರು ತೀರ್ಕೊಂಡ ಮೇಲೆ ಹೆಂಡ್ರು ಮಾರ್ಬುಟ್ರು. ಕೋಳಿ ಫಾರಂ ಮಡಗಿರೋ ನಮ್ಮೋನಿಗೆ ಚಿಕ್ಕಂದಿನಿಂದ ಅಂತಾ ಕಾರಿನ ಆಸೆ, ತಗೊಂಬುಟ್ಟ. ಕಾಗದದಲ್ಲಿ ಇನ್ನೂ ತಿಮ್ಮರಾಜು ಹೆಸರೇ ಇತ್ತು, ಅದು ತೆಗೆದು ಇವನ ಹೆಸರಿಗೆ ರಿಜಿಸ್ಟ್ರಾಗಿ ಇಲ್ಲಿನ ನಂಬರು ಬೀಳ್ಬೇಕಿತ್ತು.

ಅವತ್ತು ನಾಗಮಂಗಲಕ್ಕೆ, ಆರ್‌ಟಿಒ ಆಫೀಸಿಗೆ ಗಾಡಿ ತೋರಿಸೋಕೆ ಹೋಗಿದ್ದ. ಒಬ್ನೇ. ಇನ್‌ಸ್ಪೆಕ್ಟ್ರು ಸುತ್ತ ನೋಡಿ, ಎಡಗಡೆ ಕಿಟಕಿಗೆ ಬಗ್ಗಿ, ನಿಮ್ಮ ಜೊತೇಲಿರೋರೂ ಇಳೀಲಿ ಅಂದ್ರಂತೆ. ಇವ್ನು ನಕ್ಬುಟ್ಟ. ಅವರು ನಗ್ಲಿಲ್ಲ.

ಸ್ನೇಹಿತರ ಮನೇಲಿ ಉಂಡು ಹೊರಟಾಗ ರಾತ್ರಿಯಾಗಿತ್ತು. ಕೆ.ಆರ್. ಪೇಟೆ ರಸ್ತೆಗೆ ತಿರುಗ್ದ... ಟಿಣ್... ಟಿಣ್... ಟಿಣ್. ಸೀಟಲ್ಲಿ ಕುಂತೋರು ಬೆಲ್ಟು ಹಾಕ್ದೆ ಇದ್ರೆ ಬಡ್ಕೊಳ್ಳೋ ಗಂಟೆ ಅದು. ಇವನು ಹಾಕ್ಕೊಂಡಿದ್ದ. ಪಕ್ಕದ ಖಾಲಿ ಸೀಟಿನ ಬೆಲ್ಟು ಎಳೆದು ಕಟಕ್ ಅಂತ ಸಿಕ್ಕಿಸ್ದ. ಗಂಟೆ ನಿಲ್ತು. ಬೆಲ್ಟು ಮಾತ್ರ ಸೀಟಿಗೆ ಅಂಟ್ಲಿಲ್ಲ... ಯಾರದೋ ಎದೆ ಮೇಲೆ ಇರೋ ಅಂಗೆ ಉಬ್ಬಿ ನಿಂತಿತ್ತು.

ನಮ್ಮೂರ ಬಾವಿ ಹತ್ರ ಇಂಜಿನ್ನು ನಿಂತೋಯ್ತು. ಬಾಗ್ಲು ತೆಗೀಲಿಲ್ಲ. ಗಾಜು ಇಳೀಲಿಲ್ಲ. ಬಡಿದ, ಒದ್ದ. ಮಂಡಿ ಎತ್ತೋಕೂ ಜಾಗ ಇಲ್ಲ ಅದ್ರೊಳಗೆ. ಕರ್... ಕರ್... ಅಂತ ಇವನ ಬೆಲ್ಟು ಬಿಗೀತಾ ಬಂತು. ಉಸಿರು ಅರ್ಧಕ್ಕೇ ನಿಲ್ಲೋದು.

ಆಗ ಕಿವಿ ಪಕ್ಕದಲ್ಲೇ...

"ನನ್ನ ಹೆಸರು ತೆಗೀಬ್ಯಾಡ ಕಣಪ್ಪ."

ತೆಗೆಯಲ್ಲ ಅಂದ. ಮನೆದೇವ್ರ ಮೇಲೆ ಆಣೆ ಮಾಡ್ದ. ಟಕ್ ಅಂತ ಬಾಗ್ಲು ಬುಡ್ತು.

ಬೆಳಿಗ್ಗೆ ನಾನೇ ಟ್ರಾಕ್ಟರಿಗೆ ಹಗ್ಗ ಕಟ್ಟಿ ಕಾರು ಎಳೆತಂದು ಹಳೇ ಕೋಳಿ ಶೆಡ್ಡಿಗೆ ಬುಟ್ಟೆ. ಅವನು ಹೆಸರು ಬದಲಾಯಿಸೋ ಅರ್ಜಿ ವಾಪಸ್ ತಗೊಂಡ. ಇವನ ಹೆಸರಿಗಾಗ್ದೆ ಮಾರಂಗಿಲ್ಲ. ಓಡಿಸೋಕೆ ಧೈರ್ಯ ಇಲ್ಲ. ಬೇರೆ ಊರಿಗೆ ಹೋಗಿ ಮಲಗಿದ್ರೂ ರಾತ್ರಿ ಎದೆ ಬಿಗಿಯುತ್ತಂತೆ. ಮೊನ್ನೆ ನನ್ನ ಹತ್ರ ಅಂದ, "ಅವತ್ತು ಕಾರಿಂದ ಈಚೆಗೆ ಬಂದೆ ಅಂದ್ಕೊಂಡಿದ್ದೆ ಅಣ್ಣ."

ಸುಳ್ಳಲ್ಲ ಕಣ್ರಪ್ಪ. ಶೆಡ್ಡಿನ ಬೀಗದ ಕೈ ನನ್ನ ಹತ್ರಾನೇ ಅದೆ. ಇವತ್ತು ಬೆಳಿಗ್ಗೆ ನೋಡಿದ್ರೆ ಮುಂದಿನ ಗಾಜಲ್ಲಿ ಎಡಗಡೆ ಭಾಗ ಮಾತ್ರ ಆವಿ ಕಟ್ಟಿತ್ತು. ಟವಲ್ಲಲ್ಲಿ ಒರೆಸ್ದೆ. ಹೋಗ್ಲಿಲ್ಲ... ಅದು ಒಳಗಿಂದ ಕಟ್ಟಿತ್ತು.